ಅಗಳಿನ ಜಾಗದಲ್ಲಿ ಕಂದಕ

ಪತ್ರಿಕೆಗಳಲ್ಲಿ ಕಂದಕಕ್ಕೆ ಈಗ ಉಳಿದಿರುವುದು ಎರಡೇ ಕೆಲಸ. ಘಟ್ಟದಲ್ಲಿ ಬಸ್ಸು ಉರುಳುವುದು ಅದರೊಳಕ್ಕೆ. ಬಡವ ಬಲ್ಲಿದರ ನಡುವೆ ವರ್ಷವರ್ಷವೂ ಹಿಗ್ಗುವುದು ಅದೇ. ಕೋಟೆ ಕಾಯುತ್ತಿದ್ದ ಪದಕ್ಕೆ ಈ ಕೆಟ್ಟ ಹೆಸರು ಬರಬಾರದಿತ್ತು.

ನೋಡಲು ಸಂಸ್ಕೃತದಂತಿದ್ದರೂ ಇದು ಪಾರಸಿ ಮೂಲದ್ದು. 'ಅಗೆದದ್ದು' ಎಂಬ ಅರ್ಥದ ಮಾತು ಅರಬ್ಬಿಯಲ್ಲಿ ಖಂದಕ್ ಆಯಿತು. 627ರಲ್ಲಿ ಶತ್ರುಗಳ ದಾಳಿಯಿಂದ ಮದೀನ ಪಟ್ಟಣವನ್ನು ಕಾಯಲು ಇಂಥದ್ದನ್ನು ತೋಡಿದ್ದರಿಂದ ಆ ಕಾಳಗಕ್ಕೇ ಖಂದಕ್ ಎಂದು ಹೆಸರು ಬಿತ್ತು. ಆ ಪದ ಕನ್ನಡಕ್ಕೆ ಬಂದಾಗ ಜಾಗವೇನೂ ಖಾಲಿ ಇರಲಿಲ್ಲ. 'ಅಗೆ'ಯ ಒಡಹುಟ್ಟುಗಳಾದ ಅಗಳು, ಅಗಳ್ತೆ ಹಳಗನ್ನಡದಲ್ಲೇ ಇದ್ದವು. ತಮಿಳರ ಅಗಳಿಯೂ ಇದೇ ಬಳ್ಳಿ. ಮಲೆನಾಡಿನ ತೋಟದಂಚಿನಲ್ಲಿ ಅಗಳು ಇಂದಿಗೂ ಬದುಕಿದೆ. ಬಯಲುಸೀಮೆಯಲ್ಲಿ ಗೆದ್ದದ್ದು ಕಂದಕ.

ತುಮಕೂರು ಸೀಮೆಯಲ್ಲಿ ಕೋಟೆಗೆ ಬರವಿಲ್ಲ. ಮಧುಗಿರಿ, ದೇವರಾಯನದುರ್ಗ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳಿಗೆ ಬೆಟ್ಟವೇ ಕಾವಲು. ಕಂದಕ ಬೇಕಾದದ್ದು ಬಯಲಿನ ಮಣ್ಣುಕೋಟೆಗಳಿಗೆ. ತೆಗೆದ ಮಣ್ಣು ಗೋಡೆಗಾಯಿತು, ತೆಗೆದ ಜಾಗ ಕಂದಕವಾಯಿತು. ಪಾಳೆಯಗಾರಿಕೆ ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಗೋಡೆ ಕರಗಿ, ಗುಂಡಿ ತುಂಬಿ, ಮೇಲೆ ಬೀದಿ ಎದ್ದಿತು. ತುಮಕೂರು ನಗರದಲ್ಲಿ ಕೋಟೆ ಆಂಜನೇಯಸ್ವಾಮಿಯ ಹೆಸರಿಗೆ ಅಂಟಿಕೊಂಡು ಕೋಟೆಯಾದರೂ ಉಳಿಯಿತು. ಕಂದಕಕ್ಕೆ ಅಂಥ ದೇವರೂ ಸಿಗಲಿಲ್ಲ.

ಇಂಗ್ಲೆಂಡಿನಲ್ಲಿ ಕಂದಕದ ಪಾಡು ಬೇರೆ. ಅಲ್ಲಿ ಸುತ್ತ ಕಂದಕ ತೋಡಿ ಮನೆ ಕಟ್ಟಿಕೊಂಡ ಸುಮಾರು 6,000 ನೆಲೆಗಳಿವೆ. ಹೆಚ್ಚಿನವು 1250ರಿಂದ 1350ರ ನಡುವಿನವು. ಶತ್ರುಭಯಕ್ಕಿಂತ ಜಮೀನುದಾರರ ದೊಡ್ಡಸ್ತಿಕೆಯೇ ಅಲ್ಲಿ ಹೆಚ್ಚು. ಮನೆ ಅಳಿದು ಬರೀ ತಗ್ಗು ಉಳಿದಲ್ಲಿಯೂ ಅನೇಕ ನೆಲೆಗಳಿಗೆ 1979ರ ಪ್ರಾಚೀನ ಸ್ಮಾರಕ ಕಾಯಿದೆಯ ರಕ್ಷಣೆಯಿದೆ. ನಮ್ಮ 1958ರ ಸ್ಮಾರಕ ಕಾಯಿದೆಯಲ್ಲೂ ಪುರಾತತ್ತ್ವ ನೆಲೆಗಳಿಗೆ ಜಾಗವುಂಟು. ಆದರೆ ಸಂರಕ್ಷಿತ ಸ್ಮಾರಕವೆಂಬ ನೀಲಿ ಫಲಕ ನೆಡಬೇಕೆಂದರೆ ನಮ್ಮ ಕಣ್ಣಿಗೆ ಕಲ್ಲು ಕಾಣಬೇಕು!

ಉದ್ಯೋಗ ಖಾತ್ರಿ ಯೋಜನೆ ಬಂದ ಮೇಲೆ ಗುಬ್ಬಿ, ಕುಣಿಗಲ್ ಕಡೆಯ ಹೊಲಗಳಲ್ಲಿ ಪದಕ್ಕೆ ಬೇರೆ ಕಸುಬು ಸಿಕ್ಕಿದೆ: ಕಂದಕ ಬದು. ಇಳಿಜಾರಿಗೆ ಅಡ್ಡವಾಗಿ ತೋಡಿ, ಮಣ್ಣನ್ನು ಕೆಳಬದಿಗೆ ಏರಿ ಹಾಕಿದರೆ ಓಡುವ ಮಳೆನೀರು ನಿಂತು ಇಂಗುತ್ತದೆ. ಹೊರಗಿನವರನ್ನು ತಡೆಯುತ್ತಿದ್ದದ್ದು ಈಗ ಒಳಗಿನದನ್ನು ಹಿಡಿದಿಡುತ್ತಿದೆ. ಹಳೆಯ ಅರ್ಥಕ್ಕೆ ಹತ್ತಿರದ್ದು ಹಾಸನ, ಕೊಡಗಿನ ಕಾಡಂಚಿನ ಆನೆ ಕಂದಕ. ಅದನ್ನೂ ಆನೆಗಳು ದಂಡೆಯ ಮಣ್ಣು ಕೆಡವಿ ತುಂಬಿ ದಾಟಿಬಿಡುತ್ತವೆ.