ಚರ್ಮದಡಿಯ ಪೊರೆ

ಕಿತ್ತಳೆಯ ಒಂದೊಂದು ತೊಳೆಯನ್ನೂ ಸುತ್ತಿದ ತೆಳುಪೊರೆಯನ್ನು ನೀವು ನೋಡಿದ್ದೀರಿ. ನಮ್ಮ ಸ್ನಾಯುಗಳಿಗೂ ಅಂಥದೇ ಹೊದಿಕೆಯುಂಟು. ಅದರ ಹೆಸರು ಫೇಶಿಯಾ. ಶವಚ್ಛೇದನ ಮಾಡುವವರು ಬಹುಕಾಲ ಅದನ್ನು ಬಿಡಿಸಿ ಬದಿಗಿಡುತ್ತಿದ್ದರು.

1929ರಲ್ಲಿ ಜರ್ಮನಿಯ ಅಂಗಮರ್ದನ ಚಿಕಿತ್ಸಕಿ ಎಲಿಜಬೆತ್ ಡಿಕ್ಕೆಯವರ ಒಂದು ಕಾಲಿನಲ್ಲಿ ರಕ್ತಸಂಚಾರ ಕುಂದಿತು. ಕಾಲನ್ನು ತೆಗೆದುಹಾಕುವ ಮಾತೂ ಬಂದಿತು. ಹಾಸಿಗೆ ಹಿಡಿದಿದ್ದ ಆಕೆ, ಬೆನ್ನುನೋವು ತಾಳಲಾರದೆ, ಸೊಂಟದ ಹಿಂದೆ ಬಿಗಿದಿದ್ದ ಭಾಗವನ್ನು ಬೆರಳಿನಿಂದ ಎಳೆದೆಳೆದು ನೀವಿಕೊಂಡರು. ತಣ್ಣಗಿದ್ದ ಕಾಲಿಗೆ ಬಿಸುಪು ಬಂದಿತು. ಮೆಲ್ಲಮೆಲ್ಲನೆ ಕಾಲೂ ಉಳಿಯಿತು. ಸಂಯೋಜಕ ಊತಕದ ಅಂಗಮರ್ದನವೆಂಬ ಪದ್ಧತಿ ಹುಟ್ಟಿದ್ದು ಹೀಗೆ.

ಈ ಪೊರೆಯಲ್ಲಿ ನರಗಳೂ ಉಂಟೆಂದು ಇಂದು ತಿಳಿದಿದೆ. ಇದರ ಸಂಶೋಧನೆಗೆಂದೇ 2007ರಲ್ಲಿ ಬಾಸ್ಟನ್ನಿನಲ್ಲಿ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಆದರೂ ಒಬ್ಬರಿಗೆ ಒದಗಿದ ಭಾಗ್ಯ ಎಲ್ಲರಿಗೂ ಒದಗೀತೆಂಬುದಕ್ಕೆ ಪ್ರಮಾಣವಿಲ್ಲ. ಕಾಲು ತಣ್ಣಗಾಗಿ ಬಣ್ಣಗೆಟ್ಟರೆ ನೀವು ಮೊದಲು ವೈದ್ಯರಲ್ಲಿಗೆ ಹೋಗಿರಿ; ನೀವುವುದು ಆಮೇಲಿನ ಮಾತು.