ಇಲಿ ಬಿದ್ದ ಮನೆ: ಪ್ಲೇಗಿನ ಕಾಲದ ಬೆಳಗಾವಿ ಮತ್ತು ‘ನಿರಾಕರಣೆ’ಯ ಚರಿತ್ರೆ

ಪ್ಲೇಗಿನ ಚರಿತ್ರೆ ಬರೆಯುವವರು ‘ಜನ ರೋಗವನ್ನೇ ನಿರಾಕರಿಸಿದರು’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದುಂಟು. ಮನೋವಿಜ್ಞಾನದ ಅರ್ಥದಲ್ಲಿ ಈ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಅದಕ್ಕೆ ಬೆಳಗಾವಿ ಒಳ್ಳೆಯ ಸಾಕ್ಷಿ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಮರುವರ್ಷದ ಕೊನೆಯ ಹೊತ್ತಿಗೆ ಅದು ಬೆಳಗಾವಿಗೂ ಬಂತು. ಊರಿನ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ನಡೆಯುತ್ತಿದ್ದದ್ದು ದಂಡಿನ ಶಿಸ್ತು. ಅಲ್ಲಿನ 26ನೇ ಮದ್ರಾಸ್ ಪದಾತಿದಳದ ಸಿಪಾಯಿಗಳಿಗೂ ಅವರ ಮನೆಯವರಿಗೂ ಹಾಫ್‌ಕಿನ್ನರ ಪ್ಲೇಗ್ ಲಸಿಕೆ ಹಾಕಲಾಯಿತು. ಊರೊಳಗಿನ ಗಲ್ಲಿಗಳ ಕಥೆ ಬೇರೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಅಧಿಕಾರಿಗಳು ಮನೆ ಹೊಕ್ಕು ರೋಗಿಯನ್ನು ಎತ್ತಿಕೊಂಡು ಹೋಗಬಹುದಿತ್ತು, ಉಳಿದವರನ್ನು ಊರಾಚೆಯ ಗುಡಿಸಲಿಗೆ ಅಟ್ಟಬಹುದಿತ್ತು. ಇಂಥ ಕಾಲದಲ್ಲಿ ಜ್ವರದ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಟ್ಟ ತಾಯಿ ಏನನ್ನೂ ನಿರಾಕರಿಸುತ್ತಿರಲಿಲ್ಲ. ತೊಡೆಸಂದಿಯ ಗಡ್ಡೆ ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬಚ್ಚಿಟ್ಟಳು.

ಹಾಗಾದರೆ ಮನೋವಿಜ್ಞಾನ ನಿರಾಕರಣೆ ಎನ್ನುವುದು ಯಾವುದನ್ನು? ಫ್ರಾಯ್ಡ್ 1894ರಲ್ಲೇ ಮನಸ್ಸಿನ ‘ರಕ್ಷಣೆ’ಯ ಬಗ್ಗೆ ಬರೆದಿದ್ದರು. ನಿರಾಕರಣೆಗೆ ಸ್ಪಷ್ಟ ರೂಪ ಕೊಟ್ಟದ್ದು ಅವರ ಮಗಳು ಆನಾ, 1936ರ ಪುಸ್ತಕದಲ್ಲಿ. ಅದರಲ್ಲಿ ಏಳು ವರ್ಷದ ಒಬ್ಬ ಹುಡುಗ ಬರುತ್ತಾನೆ. ತನ್ನ ಹತ್ತಿರ ಪಳಗಿದ ಸಿಂಹವಿದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ, ತನಗೆ ಮಾತ್ರ ಅದು ಅಕ್ಕರೆ ತೋರುತ್ತದೆ ಎಂಬುದು ಅವನ ಕಲ್ಪನೆ. ಸಿಂಹ ಅಪ್ಪನ ಬದಲಿ; ಅಪ್ಪನ ಮೇಲಿನ ಭಯ ಅಲ್ಲಿ ತಲೆಕೆಳಗಾಗಿದೆ. ದಮನದಲ್ಲಿ ಮನಸ್ಸು ತನ್ನೊಳಗಿನ ಆಸೆಯನ್ನು ಅದುಮುತ್ತದೆ. ನಿರಾಕರಣೆಯಲ್ಲಿ ಹೊರಗಿನ ಸತ್ಯಕ್ಕೇ ಬಾಗಿಲು ಹಾಕುತ್ತದೆ. ಹೀಗೆ ಬಾಗಿಲು ಹಾಕಿದ್ದು ತನಗೂ ತಿಳಿದಿರುವುದಿಲ್ಲ.

ಈ ಅಳತೆಗೋಲು ಹಿಡಿದರೆ ಹಳ್ಳಿಗರು ಹೆಚ್ಚು ಎಚ್ಚರದಲ್ಲಿದ್ದಂತೆ ಕಾಣುತ್ತಾರೆ. ‘ಇಲಿ ಬಿತ್ತು’ ಎಂದರೆ ಸಾಕು, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು 1898ರಲ್ಲಿ ಫ್ರೆಂಚ್ ವೈದ್ಯ ಸಿಮೊಂಡ್ ಹೇಳಿದಾಗ ಒಪ್ಪದೆ ಹೋದದ್ದು ಸರಕಾರ ನೇಮಿಸಿದ ಪ್ಲೇಗ್ ಆಯೋಗ. ಅದನ್ನೂ ನಿರಾಕರಣೆ ಎನ್ನಲಾರೆ. ವಿಜ್ಞಾನ ಪುರಾವೆ ಕೇಳುವುದು ಸಹಜ. ಆದರೆ ಅಜ್ಞಾನದ ಹಣೆಪಟ್ಟಿ ಜನರಿಗೆ ಮಾತ್ರ ಏಕೆ?

ನಿಜವಾದ ನಿರಾಕರಣೆ ಕಡತಕ್ಕೆ ಸಿಗುವುದು ಅಪರೂಪ, ಕಥನಕ್ಕೆ ಸಿಗುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ (1965) ಅಗ್ರಹಾರದ ಇಲಿಗಳು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಕೂರುತ್ತವೆ. ಎಲ್ಲವೂ ಬ್ರಾಹ್ಮಣರ ಕಣ್ಣಿಗೆ ಬೀಳುತ್ತದೆ, ಪ್ಲೇಗು ಎಂಬ ಸತ್ಯ ಮಾತ್ರ ಒಳಗಿಳಿಯುವುದಿಲ್ಲ. ಅವರು ಜಾಗಟೆ ಬಡಿದು ಹದ್ದು ಓಡಿಸುತ್ತಾರೆ, ಕೇಡನ್ನೆಲ್ಲ ಸಂಸ್ಕಾರವಾಗದ ಹೆಣದ ತಲೆಗೆ ಕಟ್ಟುತ್ತಾರೆ.

ಇವತ್ತಿಗೂ ಈ ಪದ ಹೀಗೇ ಅವಸರದಲ್ಲಿ ಬಳಕೆಯಾಗುತ್ತದೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಸಾವಿನೆದುರಿನ ಮೊದಲ ಹಂತ ನಿರಾಕರಣೆ ಎಂದ ಮೇಲೆ ಈ ಪದ ಆಸ್ಪತ್ರೆಗಳಲ್ಲಿ ಅಗ್ಗವಾಗಿದೆ. ನಮ್ಮ ಕಡೆ ಮಗ ಡಾಕ್ಟರನ್ನು ಬದಿಗೆ ಕರೆದು ‘ಅಪ್ಪಗ ಹೇಳಬ್ಯಾಡ್ರಿ’ ಅನ್ನುತ್ತಾನೆ. ಅಪ್ಪ ತನಗೇನೂ ಆಗಿಲ್ಲ ಅಂದರೆ ಅದನ್ನು ನಿರಾಕರಣೆ ಎಂದು ಬರೆದುಕೊಳ್ಳುವ ಮೊದಲು, ಅವನಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ವಿಚಾರಿಸಬೇಕು.