ಆಮದಾದ ವಿದ್ಯುತ್ ಡರ್ಟ್ ಬೈಕ್: ಮನೆಯಲ್ಲಿ ಚಾರ್ಜ್ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಹಾನಗರಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ಹಿರಿಯರು ಒಂದು ಸ್ಕೂಟರಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾದವರು. ಇಂದಿನ ಯುವಕರ ಆಸೆಗಳು ಬೇರೆ. ಅವುಗಳಲ್ಲಿ ಇತ್ತೀಚೆಗೆ ಕೇಳಿಬರುತ್ತಿರುವ ಹೆಸರು ವಿದ್ಯುತ್ ಡರ್ಟ್ ಬೈಕ್. ಡಾಂಬರು ರಸ್ತೆಗಲ್ಲದೆ ಮಣ್ಣಿನ ಹಾದಿ, ಕಲ್ಲುಗುಡ್ಡ, ತೋಟದ ಇಳಿಜಾರುಗಳಿಗೆಂದೇ ರೂಪಿಸಿದ ಹಗುರ ಯಂತ್ರವಿದು. ಪೆಟ್ರೋಲಿನ ಖರ್ಚಿಲ್ಲ, ಸದ್ದು ಕಡಿಮೆ, ಹೊಗೆಯಿಲ್ಲ. ಆದರೆ ವಾಹನ ಮನೆ ಸೇರಿದ ದಿನವೇ ಒಂದು ಪ್ರಶ್ನೆ ಏಳುತ್ತದೆ: ಇದನ್ನು ಚಾರ್ಜ್ ಮಾಡುವುದು ಎಲ್ಲಿ, ಹೇಗೆ?

"ಮೊಬೈಲಿನಂತೆ ಪ್ಲಗ್ಗಿಗೆ ಸಿಕ್ಕಿಸಿದರಾಯಿತು" ಎಂಬುದು ಅಂಗಡಿಯವರ ಸಿದ್ಧ ಉತ್ತರ. ಇದು ಅರ್ಧ ಸತ್ಯ ಮಾತ್ರ. ಈ ಬೈಕ್ ಎಳೆಯುವ ವಿದ್ಯುತ್ತು ಬಹುಪಾಲು ಅಲ್ಪವೇ. ಅಪಾಯವಿರುವುದು ವಿದ್ಯುತ್ತಿನ ಪ್ರಮಾಣದಲ್ಲಲ್ಲ; ಪರದೇಶದ ಚಾರ್ಜರ್, ನಮ್ಮ ಮನೆಯ ವಯರಿಂಗ್ ಮತ್ತು ಚಾರ್ಜ್ ಮಾಡಲು ಆರಿಸುವ ಜಾಗ, ಈ ಮೂರರಲ್ಲಿ. ಇವುಗಳನ್ನು ಮೊದಲೇ ಸರಿಪಡಿಸಿಕೊಂಡವರಿಗೆ ಉಳಿದದ್ದು ಸುಲಭ.

ಯಂತ್ರದ ಪರಿಚಯ

ಈ ಬಗೆಯ ಬೈಕುಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಚೀನಾದಲ್ಲಿ ತಯಾರಾಗುವ ಸುರ್‌ರಾನ್ ಲೈಟ್ ಬೀ. ಇದರ ತೂಕ ಸುಮಾರು 50 ಕಿಲೋ. ಮೊದಲ ಮಾದರಿಗಳಲ್ಲಿ 60 ವೋಲ್ಟ್, 32 ಆಂಪಿಯರ್-ಗಂಟೆಯ ಲಿಥಿಯಮ್-ಅಯಾನ್ ಬ್ಯಾಟರಿ ಇದ್ದಿತು. ನಂತರದವುಗಳಲ್ಲಿ ಸಾಮರ್ಥ್ಯ ಇನ್ನಷ್ಟು ಹೆಚ್ಚಿತು. ಹತ್ತು ಕಿಲೋಗೂ ಮಿಕ್ಕಿದ ಈ ಬ್ಯಾಟರಿಯನ್ನು ಬೈಕಿನಿಂದ ಹೊರತೆಗೆದು ಕೈಯಲ್ಲಿ ಹಿಡಿದು ಒಯ್ಯಬಹುದು. ದೊಡ್ಡ ವರ್ಗದಲ್ಲಿ ಅಮೆರಿಕದ ಝೀರೋ, ಆಸ್ಟ್ರಿಯಾದ ಕೆ.ಟಿ.ಎಂ. ಮತ್ತು ಸ್ಪೇನಿನ ಸ್ಟಾರ್ಕ್ ಕಂಪನಿಗಳ ವಾಹನಗಳಿವೆ. ಸ್ಟಾರ್ಕ್ ವಾರ್ಗ್‌ನ ಮೊದಲ ಮಾದರಿಯ ಬ್ಯಾಟರಿ 6.5 ಕಿಲೋವ್ಯಾಟ್-ಗಂಟೆಯದು, ಎಂದರೆ ಲೈಟ್ ಬೀಯ ಮೂರು ಪಟ್ಟಿಗೂ ಹೆಚ್ಚು.

ಇಲ್ಲಿಯೇ ಒಂದು ಕಾನೂನಿನ ಮಾತು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ವೇಗ ಮೀರದ ವಿದ್ಯುತ್ ದ್ವಿಚಕ್ರಗಳಿಗೆ ಮಾತ್ರ ನಮ್ಮಲ್ಲಿ ನೋಂದಣಿಯಿಂದ ವಿನಾಯಿತಿ ಉಂಟು. ಡರ್ಟ್ ಬೈಕುಗಳು ಈ ಮಿತಿಯನ್ನು ಬಹಳವಾಗಿ ಮೀರುತ್ತವೆ. ಭಾರತದ ಅನುಮೋದನೆ ಮತ್ತು ನೋಂದಣಿ ಇಲ್ಲದ ಬೈಕನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಖಾಸಗಿ ಜಮೀನು ಇಲ್ಲವೇ ಕ್ರೀಡಾ ಟ್ರ್ಯಾಕ್‌ಗಳಲ್ಲಷ್ಟೇ ಓಡಿಸಬಹುದು.

ಈ ಮಾತಿಗೂ ಚಾರ್ಜಿಂಗ್‌ಗೂ ಸಂಬಂಧವಿದೆ. 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಸಾಲು ಸಾಲಾಗಿ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರವು ಎ.ಐ.ಎಸ್.-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಬ್ಯಾಟರಿಯ ಕೋಶಗಳು, ಅವುಗಳ ನಿಯಂತ್ರಣ ವ್ಯವಸ್ಥೆ, ಚಾರ್ಜರ್, ಒಂದು ಕೋಶದ ಬೆಂಕಿ ಇನ್ನೊಂದಕ್ಕೆ ಹರಡದಂತಹ ರಚನೆ, ಇವೆಲ್ಲವೂ ಆ ಪರೀಕ್ಷೆಗೆ ಒಳಪಡುತ್ತವೆ. ರಸ್ತೆಗೆಂದು ಅನುಮೋದನೆ ಪಡೆಯದೆ ಆಮದಾಗಿ ಬಂದ ಬೈಕ್ ಈ ಜರಡಿಯ ಮೂಲಕ ಹಾದುಬಂದಿರುವುದಿಲ್ಲ. ಆದುದರಿಂದ ಎಚ್ಚರಿಕೆಯ ಹೊಣೆ ಮನೆಯವರದೇ ಆಗುತ್ತದೆ.

ಮೊದಲು ಲೆಕ್ಕ

ಬ್ಯಾಂಕಿನಲ್ಲಿ ಆಯಸ್ಸು ಕಳೆದ ನಮಗೆ ಯಾವುದನ್ನಾದರೂ ಲೆಕ್ಕಕ್ಕೆ ಇಳಿಸಿದ ಹೊರತು ಸಮಾಧಾನವಿಲ್ಲ. 60 ವೋಲ್ಟನ್ನು 32 ಆಂಪಿಯರ್-ಗಂಟೆಯಿಂದ ಗುಣಿಸಿದರೆ 1,920 ವ್ಯಾಟ್-ಗಂಟೆ, ಎಂದರೆ ಎರಡು ಯೂನಿಟ್‌ಗೆ ಸ್ವಲ್ಪ ಕಡಿಮೆ. ಚಾರ್ಜರಿನಲ್ಲಿ ಶಾಖವಾಗಿ ಪೋಲಾಗುವುದನ್ನು ಸೇರಿಸಿದರೆ ಮೀಟರಿನಲ್ಲಿ ಸುಮಾರು 2.2 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಎಂದು ಹಿಡಿದರೂ ಒಮ್ಮೆ ಪೂರ್ತಿ ಚಾರ್ಜ್ ಮಾಡಲು 22 ರೂಪಾಯಿ. ತಿಂಗಳಿಗೆ ಹತ್ತು ಸಲವಾದರೆ 220 ರೂಪಾಯಿ.

ಈ ಬ್ಯಾಟರಿಗೆ 10 ಆಂಪಿಯರ್ ಕೊಡುವ ಚಾರ್ಜರ್ ಬಳಸಿದರೆ, ಅದು ಗೋಡೆಯ ಸಾಕೆಟ್‌ನಿಂದ ಎಳೆಯುವುದು ಸುಮಾರು 750 ವ್ಯಾಟ್. ನಮ್ಮ 230 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್‌ಗೂ ಕಡಿಮೆ. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯೇ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಆದರೆ ಇಸ್ತ್ರಿಪೆಟ್ಟಿಗೆ ಬಿಟ್ಟು ಬಿಟ್ಟು ಉರಿಯುವಂಥದು. ಚಾರ್ಜರ್ ಮೂರೂವರೆ, ನಾಲ್ಕು ಗಂಟೆ ಎಡೆಬಿಡದೆ ಓಡುತ್ತದೆ. ಸಡಿಲವಾದ ಸಾಕೆಟ್ ಹತ್ತು ನಿಮಿಷದಲ್ಲಿ ತೋರದ ದೋಷವನ್ನು ಮೂರನೆಯ ಗಂಟೆಯಲ್ಲಿ ತೋರುತ್ತದೆ. ಇನ್ನು ದೊಡ್ಡ ಬೈಕಿಗೆ 3.3 ಕಿಲೋವ್ಯಾಟ್ ಚಾರ್ಜರ್ ಹಾಕಿದರೆ 14 ಆಂಪಿಯರ್ ಮೀರುತ್ತದೆ. ಇದು ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್‌ನ ಮಿತಿಯ ಅಂಚು. ಅದೇ ಲೈನಿನಲ್ಲಿ ಗೀಸರ್ ಇದ್ದರೆ ಎರಡನ್ನೂ ಒಟ್ಟಿಗೆ ನಡೆಸಲಾಗದು.

ಚಾರ್ಜರಿನ ಬೆನ್ನ ಮೇಲಿನ ಅಕ್ಷರಗಳು

ಪ್ರತಿ ಚಾರ್ಜರಿನ ಹಿಂಬದಿಯ ಪಟ್ಟಿಯಲ್ಲಿ ಎರಡು ಸಾಲುಗಳಿರುತ್ತವೆ. "ಇನ್‌ಪುಟ್" ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ನಮ್ಮ ಮನೆಗೆ ಹೊಂದುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ, ಬರಿಯ 110 ಅಥವಾ 120 ವೋಲ್ಟ್ ಎಂದು ಬರೆದ ಚಾರ್ಜರನ್ನು ನಮ್ಮ ಸಾಕೆಟ್‌ಗೆ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

"ಔಟ್‌ಪುಟ್" ಎಂಬ ಸಾಲು ಇನ್ನೂ ಮುಖ್ಯ. ಲಿಥಿಯಮ್-ಅಯಾನ್ ಕೋಶವೊಂದು ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ. 16 ಕೋಶಗಳ ಸಾಲುಳ್ಳ 60 ವೋಲ್ಟ್ ವರ್ಗದ ಬ್ಯಾಟರಿಗೆ 67.2 ವೋಲ್ಟ್ ಚಾರ್ಜರ್ ಬೇಕು. 20 ಕೋಶಗಳ 72 ವೋಲ್ಟ್ ಬ್ಯಾಟರಿಗೆ 84 ವೋಲ್ಟಿನದು. ಇವೆರಡರ ಪೆಟ್ಟಿಗೆಗಳು ನೋಡಲು ಅವಳಿಗಳಂತಿರಬಹುದು. ಹೆಚ್ಚು ವೋಲ್ಟಿನ ಚಾರ್ಜರನ್ನು ಕಡಿಮೆ ವೋಲ್ಟಿನ ಬ್ಯಾಟರಿಗೆ ಹಚ್ಚುವುದು ಬೆಂಕಿಗೆ ಆಮಂತ್ರಣ. ಮೂಲ ಚಾರ್ಜರ್ ಕೆಟ್ಟರೆ ಅದೇ ತಯಾರಕರದನ್ನು ತರಿಸಬೇಕು. "ಇದೂ ನಡೆಯುತ್ತದೆ" ಎಂಬ ಅಗ್ಗದ ಬದಲಿ ಬೇಡ.

ವಿದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ಬ್ಯಾಟರಿಯನ್ನು ಜೊತೆಗೆ ತರುವ ಯೋಚನೆಯನ್ನೂ ಮಾಡಬಾರದು. ವಿಮಾನ ಪ್ರಯಾಣಿಕರ ಸಾಮಾನಿನಲ್ಲಿ 160 ವ್ಯಾಟ್-ಗಂಟೆ ಮೀರಿದ ಲಿಥಿಯಮ್ ಬ್ಯಾಟರಿಗೆ ಅವಕಾಶವಿಲ್ಲ; ಲೈಟ್ ಬೀಯದು ಅದರ ಹನ್ನೆರಡು ಪಟ್ಟು.

ಪ್ಲಗ್ ಮತ್ತು ವಯರಿಂಗ್

ಮನೆಯ ಸಾಕೆಟ್‌ನಿಂದ ವಾಹನವನ್ನು ಚಾರ್ಜ್ ಮಾಡುವುದು ನಮ್ಮವರಿಗೆ ತೀರ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ರೇವಾ ಕಾರು 15 ಆಂಪಿಯರ್‌ನ ದಪ್ಪ ಪಿನ್ನಿನ ಸಾಕೆಟ್‌ನಿಂದಲೇ ಚಾರ್ಜ್ ಆಗುತ್ತಿತ್ತು. ಆದರೆ ಅದರ ಪ್ಲಗ್ ನಮ್ಮ ದೇಶದ್ದು. ಆಮದಾದ ಬೈಕಿನ ಜೊತೆ ಬರುವುದು ಚಪ್ಪಟೆ ಪಿನ್ನಿನ ಅಮೆರಿಕನ್ ಅಥವಾ ಚೀನೀ ಪ್ಲಗ್, ಇಲ್ಲವೇ ಎರಡು ದುಂಡು ಪಿನ್ನಿನ ಯೂರೋಪಿನದು. ಯೂರೋಪಿನ ಪ್ಲಗ್ ನಮ್ಮ ಸಾಕೆಟ್‌ನಲ್ಲಿ ಕೂರುವಂತೆ ಕಂಡರೂ ಸಡಿಲವಾಗಿರುತ್ತದೆ. ಅಲ್ಲದೆ ಅದರ ಅರ್ತಿಂಗ್ ಸಂಪರ್ಕವು ಪ್ಲಗ್ಗಿನ ಪಕ್ಕದಲ್ಲಿರುವುದರಿಂದ ನಮ್ಮ ಸಾಕೆಟ್‌ನ ಅರ್ತ್ ಅದಕ್ಕೆ ತಗಲುವುದೇ ಇಲ್ಲ. ಪ್ರವಾಸದಲ್ಲಿ ಬಳಸುವ ಪುಟ್ಟ ಅಡಾಪ್ಟರುಗಳು ಮೊಬೈಲಿಗೆ ಸರಿ, ಗಂಟೆಗಟ್ಟಲೆ ಓಡುವ ಚಾರ್ಜರಿಗೆ ಸಲ್ಲವು.

ಸಣ್ಣ ಚಾರ್ಜರುಗಳಲ್ಲಿ ಹಲವಕ್ಕೆ ಗೋಡೆಯ ಕಡೆಯ ವಯರ್ ಬಿಡಿಯಾಗಿರುತ್ತದೆ, ಮೇಜಿನ ಕಂಪ್ಯೂಟರಿಗೆ ಇರುವಂತೆಯೇ. ಅಂಥದಕ್ಕೆ ಐ.ಎಸ್.ಐ. ಗುರುತಿನ, ಮೂರು ಪಿನ್ನಿನ ಭಾರತೀಯ ವಯರ್ ಕೊಂಡು ಹಾಕಿದರೆ ಅಡಾಪ್ಟರಿನ ತಾಪತ್ರಯವೇ ತಪ್ಪುತ್ತದೆ. ವಯರ್ ಚಾರ್ಜರಿಗೇ ಅಂಟಿಕೊಂಡಿದ್ದರೆ ಪ್ಲಗ್ ಬದಲಿಸುವ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನಿಗೆ ಒಪ್ಪಿಸಬೇಕು. ಅದೇ ಭೇಟಿಯಲ್ಲಿ ಅವನಿಂದ ಈ ಕೆಳಗಿನವನ್ನು ಮಾಡಿಸಿಕೊಳ್ಳುವುದು ಲೇಸು:

1. ಸಾಕೆಟ್‌ನಲ್ಲಿ ಅರ್ತಿಂಗ್ ನಿಜವಾಗಿ ಇದೆಯೇ ಎಂಬ ಪರೀಕ್ಷೆ. ಹಳೆಯ ಕಟ್ಟಡಗಳಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ತಂತಿಯೇ ಇಲ್ಲದಿರುವುದುಂಟು.
2. ಚಾರ್ಜರಿಗೆ ಮೀಸಲಾದ 16 ಆಂಪಿಯರ್ ಸಾಕೆಟ್, ತಕ್ಕ ದಪ್ಪದ ತಾಮ್ರದ ತಂತಿ ಮತ್ತು ಪ್ರತ್ಯೇಕ ಎಂ.ಸಿ.ಬಿ.
3. 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ವಿದ್ಯುತ್ತು ಸೋರಿ ಮೈಗೆ ತಗುಲುವ ಸಂದರ್ಭದಲ್ಲಿ ಜೀವ ಉಳಿಸುವುದು ಇದೇ, ಎಂ.ಸಿ.ಬಿ. ಆ ಕೆಲಸ ಮಾಡಲಾರದು.

ಎಕ್ಸ್‌ಟೆನ್ಶನ್ ಬೋರ್ಡನ್ನು ದೂರವಿಡಬೇಕು. ಚಾರ್ಜ್ ಆರಂಭವಾಗಿ ಅರ್ಧ ಗಂಟೆಯ ನಂತರ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಬಿಸಿಯಿದ್ದರೆ ಕೂಡಲೇ ನಿಲ್ಲಿಸಿ ಸಾಕೆಟ್ ಬದಲಿಸಬೇಕು. ಮುಂಬಯಿ, ಚೆನ್ನೈಯಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಪಿನ್ನುಗಳು ಬೇಗ ಕಿಲುಬು ಹಿಡಿಯುವುದರಿಂದ ಮಳೆಗಾಲ ಕಳೆದ ಮೇಲೆ ಒಮ್ಮೆ ಪರೀಕ್ಷೆ ಅಗತ್ಯ.

ಎಲ್ಲಿ ಚಾರ್ಜ್ ಮಾಡಬೇಕು?

ಈ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಮನೆಮಂದಿಯ ಕ್ಷೇಮ ಅಡಗಿದೆ. 2022ರ ಮಾರ್ಚ್‌ನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರ್ ಹೊತ್ತಿಕೊಂಡು, ಹೊಗೆಯಿಂದ ಉಸಿರುಕಟ್ಟಿ ತಂದೆ ಮತ್ತು ಮಗಳು ತೀರಿಕೊಂಡರು. ಮರುತಿಂಗಳು ನಿಜಾಮಾಬಾದಿನಲ್ಲಿ ಮನೆಯೊಳಗೆ ಚಾರ್ಜಾಗುತ್ತಿದ್ದ ಬ್ಯಾಟರಿ ಸಿಡಿದು ವೃದ್ಧರೊಬ್ಬರು ಅಸುನೀಗಿದರು. ಅದೇ ಏಪ್ರಿಲ್‌ನಲ್ಲಿ ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿಟ್ಟ ಬ್ಯಾಟರಿ ಸಿಡಿದು ಮನೆಯ ಯಜಮಾನನನ್ನೇ ಬಲಿತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ವಿದ್ಯುತ್ ಬೈಕ್ ಮಳಿಗೆಯೊಂದರಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ಏರಿ ಎಂಟು ಮಂದಿ ಸತ್ತರು. ನ್ಯೂಯಾರ್ಕ್ ನಗರದಲ್ಲಿ 2023ನೇ ವರ್ಷವೊಂದರಲ್ಲೇ ಲಿಥಿಯಮ್ ಬ್ಯಾಟರಿ ಬೆಂಕಿಗೆ 18 ಜನ ಬಲಿಯಾದರು. ಆ ನಗರ ಅದೇ ವರ್ಷ, ಪರೀಕ್ಷೆಯ ಪ್ರಮಾಣಪತ್ರವಿಲ್ಲದ ವಿದ್ಯುತ್ ಸೈಕಲ್ ಮತ್ತು ಬ್ಯಾಟರಿಗಳ ಮಾರಾಟವನ್ನು ನಿಷೇಧಿಸಿತು.

ಇವೆಲ್ಲವೂ ನಮ್ಮನ್ನು ಹೆದರಿಸಲು ಹೇಳುವ ಮಾತುಗಳಲ್ಲ. ಲಕ್ಷಾಂತರ ವಾಹನಗಳು ದಿನವೂ ಸುರಕ್ಷಿತವಾಗಿ ಚಾರ್ಜಾಗುತ್ತಿವೆ. ಆದರೆ ಈ ಸಾವುಗಳು ಕಲಿಸುವ ಪಾಠ ಸ್ಪಷ್ಟ: ಬ್ಯಾಟರಿಯನ್ನು ಮಲಗುವವರ ಸಮೀಪ ಇಡಬಾರದು, ಎಲ್ಲರೂ ನಿದ್ರಿಸುವ ಹೊತ್ತಿನಲ್ಲಿ ಚಾರ್ಜ್ ಮಾಡಬಾರದು. ಬ್ಯಾಟರಿ ಕಳಚಿ ತರಬಹುದು ಎಂಬ ಅನುಕೂಲವೇ ಅದನ್ನು ಐದನೆಯ ಅಂತಸ್ತಿನ ಹಾಲ್‌ವರೆಗೆ ತಂದು ಕೂರಿಸುತ್ತದೆ. ಹಲವು ಮನೆಗಳಲ್ಲಿ ಸಾಕೆಟ್ ಇರುವುದು ಮುಂಬಾಗಿಲ ಪಕ್ಕದಲ್ಲೇ. ಅಲ್ಲಿ ಬೆಂಕಿ ಎದ್ದರೆ ಹೊರಹೋಗುವ ಏಕೈಕ ದಾರಿಯೂ ಮುಚ್ಚಿದಂತೆ.

ನೆಲಮಟ್ಟದಲ್ಲಿ, ಗಾಳಿಯಾಡುವ, ಮಳೆನೀರು ತಾಗದ ಪಾರ್ಕಿಂಗ್ ಜಾಗವೇ ಉತ್ತಮ. ಅದು ಮೆಟ್ಟಿಲಿನ ಬುಡದಲ್ಲಿ ಅಥವಾ ಮೀಟರ್ ಕೋಣೆಯ ಪಕ್ಕದಲ್ಲಿ ಇರಬಾರದು. ಒಳಗೇ ಚಾರ್ಜ್ ಮಾಡುವುದು ಅನಿವಾರ್ಯವಾದರೆ ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ, ಪರದೆ, ಹಾಸಿಗೆ, ಸೋಫಾಗಳಿಂದ ದೂರದಲ್ಲಿ, ಬಾಗಿಲಿನ ದಾರಿ ಬಿಟ್ಟು ಇಡಬೇಕು, ಒಬ್ಬರಾದರೂ ಎಚ್ಚರವಿರಬೇಕು.

ಸೊಸೈಟಿಯ ಒಪ್ಪಿಗೆ

ವಾಹನ ಚಾರ್ಜ್ ಮಾಡುವುದು ವಿದ್ಯುತ್ತಿನ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು 2022ರ ಜನವರಿಯ ಮಾರ್ಗಸೂಚಿ ಹೇಳಿತು. ಆದರೆ ಪಾರ್ಕಿಂಗ್ ಜಾಗದ ಗೋಡೆ, ಪೈಪು, ಮೀಟರ್ ಫಲಕಗಳು ಎಲ್ಲ ಸದಸ್ಯರಿಗೂ ಸೇರಿದವು. ಆದುದರಿಂದ ಸೊಸೈಟಿಗೆ ಲಿಖಿತ ಅರ್ಜಿ ಕೊಟ್ಟು, ಚಾರ್ಜರಿನ ವ್ಯಾಟ್, ಎಳೆಯಲಿರುವ ತಂತಿಯ ಮಾರ್ಗ ಮತ್ತು ಎಲೆಕ್ಟ್ರಿಷಿಯನ್ನನ ವರದಿಯನ್ನು ಲಗತ್ತಿಸುವುದು ಮರ್ಯಾದೆಯ ದಾರಿ. ಸ್ವಂತ ಮೀಟರಿನಿಂದ ಲೈನ್ ಎಳೆಯಿಸಬೇಕು, ಇಲ್ಲವೇ ಸಾಮಾನ್ಯ ಲೈನಿಗೆ ಸಬ್‌ಮೀಟರ್ ಹಾಕಿಸಿ ತಿಂಗಳ ಹಣ ಕಟ್ಟಬೇಕು. ತಿಂಗಳಿಗೆ 220 ರೂಪಾಯಿ ಉಳಿಸಲು ಹೋಗಿ ನೆರೆಹೊರೆಯ ವಿಶ್ವಾಸವನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಮನೆಯ ವಿಮೆ ಇದ್ದವರು ಅದರ ಷರತ್ತುಗಳನ್ನು ಓದಿ, ವಿಮಾ ಕಂಪನಿಗೂ ಪತ್ರಮುಖೇನ ತಿಳಿಸಿಟ್ಟರೆ ಮುಂದೆ ತಕರಾರಿಗೆ ಎಡೆಯಿರದು.

ಬ್ಯಾಟರಿಯ ಆರೈಕೆ

ಗುಡ್ಡ ಹತ್ತಿ ಬಂದ ಬೈಕಿನ ಬ್ಯಾಟರಿ ಬಿಸಿಯಾಗಿರುತ್ತದೆ. ಒಂದು ಗಂಟೆಯಾದರೂ ತಣಿಯಲು ಬಿಟ್ಟು ಆಮೇಲೆ ಚಾರ್ಜಿಗಿಡಬೇಕು. ಲಿಥಿಯಮ್-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಉಷ್ಣತೆಯ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ದೆಹಲಿ, ಹೈದರಾಬಾದುಗಳ ಬೇಸಿಗೆಯಲ್ಲಿ ನಡುಹಗಲು ಬಿಟ್ಟು ಸಂಜೆ ಚಾರ್ಜ್ ಮಾಡುವುದು ಸರಿ. ವಾರಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪು ಜಾಗದಲ್ಲಿ ಇಡಬೇಕು. ಬಿದ್ದು ಪೆಟ್ಟಾದ, ಉಬ್ಬಿದ, ನೀರಿನಲ್ಲಿ ಮುಳುಗಿದ ಅಥವಾ ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಡರ್ಟ್ ಬೈಕ್ ಬೀಳುವುದು ಸಹಜವಾದ್ದರಿಂದ ಪ್ರತಿ ಸವಾರಿಯ ನಂತರ ಈ ತಪಾಸಣೆ ತಪ್ಪಬಾರದು.

ಅವಘಡವಾದರೆ

ಬ್ಯಾಟರಿಯಿಂದ ಹಿಸ್ಸೆನ್ನುವ ಸದ್ದು ಅಥವಾ ಹೊಗೆ ಬಂದರೆ ಅದನ್ನು ಎತ್ತಿ ಒಯ್ಯುವ ಸಾಹಸ ಬೇಡ. ಆ ಹೊಗೆ ವಿಷಕಾರಿ. ಸುಲಭವಾಗಿ ಕೈಗೆಟುಕಿದರೆ ಮುಖ್ಯ ಸ್ವಿಚ್ ಆರಿಸಿ, ಮನೆಮಂದಿಯನ್ನೆಲ್ಲ ಹೊರಗೆ ಕಳುಹಿಸಿ, ಆ ಕೋಣೆಯ ಬಾಗಿಲು ಮುಚ್ಚಿ, 101 ಅಥವಾ 112ಕ್ಕೆ ಕರೆಮಾಡಿ "ಲಿಥಿಯಮ್ ಬ್ಯಾಟರಿ" ಎಂದು ಸ್ಪಷ್ಟವಾಗಿ ತಿಳಿಸಬೇಕು. ಪುಡಿಯ ಅಗ್ನಿಶಾಮಕ ಸಿಲಿಂಡರು ಜ್ವಾಲೆಯನ್ನು ಕ್ಷಣಕಾಲ ತಗ್ಗಿಸಬಹುದು. ಒಳಗಿನ ಕಾವು ಇಳಿಯದೆ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುತ್ತದೆ.

ಯುವಕರ ಉತ್ಸಾಹಕ್ಕೆ ಅಡ್ಡಿಯಾಗುವುದು ನಮ್ಮ ಉದ್ದೇಶವಲ್ಲ. ಬೈಕಿಗೆ ಲಕ್ಷಗಟ್ಟಲೆ ಹಣ ತೆರುವ ಮನೆಯವರು ಕೆಲವು ಸಾವಿರ ರೂಪಾಯಿಗಳನ್ನು ಸಾಕೆಟ್, ಅರ್ತಿಂಗ್, ಆರ್.ಸಿ.ಸಿ.ಬಿ.ಗಳಿಗೆ ಮೊದಲೇ ತೆಗೆದಿರಿಸಲಿ, ಚಾರ್ಜಿಂಗ್‌ಗೆ ಎಚ್ಚರವಿರುವ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ ಎಂಬುದಷ್ಟೇ ನಮ್ಮ ವಿನಂತಿ.